ಸರೋಜಾ ಅತ್ತಿಗೆಯ ಸೀಟು

ಇವತ್ತು ಆಯುಧಪೂಜೆ. ಆಯುಧವೆಂದು ಹೇಳಿಕೊಳ್ಳಲು ನನ್ನ ಬಳಿ ಇರುವುದು ಒಂದು ಹಳೆಯ ಕಾರು, ಲೆಕ್ಕ ಹಾಕುವ ಒಂದು ಸ್ಲೈಡ್ ರೂಲ್, ಎರಡು ಚಾಕು. ಅಮೆರಿಕದ ನಾರ್ತ್‌ವಿಲ್‌ನ ಈ ಅಪಾರ್ಟ್‌ಮೆಂಟಿನ ಅಡುಗೆಮನೆಯಲ್ಲಿ ಕೂತು, ಅಮ್ಮ ಕಟ್ಟಿಕೊಟ್ಟ ಸಾಣೆಕಲ್ಲಿನ ಮೇಲೆ ಗಂಧ ತೇಯುತ್ತಿದ್ದೆ. ವಾಸನೆ ಮೂಗಿಗೆ ಬಡಿದದ್ದೇ ತಡ, ಏಳು ವರ್ಷದ ಹಿಂದಿನ ಒಂದು ವಿಮಾನ ನೆನಪಾಯಿತು. ಗಂಧಕ್ಕೂ ವಿಮಾನಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಕಲ್ಪಿಸಿದವನು ನಾನೇ.

ಅದು ನನ್ನ ಗೆಳೆಯ ನಂಜುಂಡ ಕೈಯಾರೆ ಕಟ್ಟಿದ ವಿಮಾನ. ಇಬ್ಬರೂ ಮೈಸೂರಿನವರು, ಸ್ಟರ್ಲಿಂಗ್ ಹೈಟ್ಸ್‌ನ ಒಂದೇ ಕಾರ್ಖಾನೆಯಲ್ಲಿ ಇಂಜಿನಿಯರುಗಳು. ಅವನು ಕಾರನ್ನು ಹೊರಗೆ ಹಿಮಕ್ಕೆ ಬಿಟ್ಟು, ಗ್ಯಾರೇಜಿನೊಳಗೆ ಅಂಚೆಯಲ್ಲಿ ತರಿಸಿದ ನಕ್ಷೆ ಹರಡಿಕೊಂಡು, ಮರದ ರೆಕ್ಕೆಗೆ ಬಟ್ಟೆ ಬಿಗಿಯುತ್ತಿದ್ದ. ಐದು ವರ್ಷ, ಪ್ರತಿ ಶನಿವಾರ ನಾನು ಅಲ್ಲಿ ಹಾಜರು. ಟಾರ್ಚ್ ಹಿಡಿಯುವುದು, ಮಧ್ಯಾಹ್ನಕ್ಕೆ ಚಿತ್ರಾನ್ನ ಕಲಸುವುದು, ಕೇಳದಿದ್ದರೂ ಸಲಹೆ ಕೊಡುವುದು ನನ್ನ ಕೆಲಸ. ಕಾರ್ಖಾನೆಯವರು ನನ್ನ ಹೆಸರನ್ನು ಎರಡಕ್ಷರಕ್ಕೆ ಕತ್ತರಿಸಿದ್ದರು. ವಾರಕ್ಕೊಮ್ಮೆ ಪೂರ್ತಿ ಹೆಸರು ಕೇಳಿಸುತ್ತಿದ್ದದ್ದು ಆ ಗ್ಯಾರೇಜಿನಲ್ಲಿ ಮಾತ್ರ.

ಎರಡು ಸೀಟಿನ ವಿಮಾನ. ನಕ್ಷೆಯಲ್ಲಿಲ್ಲದ ಸೌಕರ್ಯಗಳೆಲ್ಲ ಬಲಗಡೆಯ ಸೀಟಿಗೆ ಸೇರಿದ್ದವು: ಸೀರೆ ಉಟ್ಟು ಹತ್ತಲು ತಗ್ಗಿನ ಮೆಟ್ಟಿಲು, ಹಿಡಿದುಕೊಳ್ಳಲು ಹಿತ್ತಾಳೆಯ ಹಿಡಿ, ಏಲಕ್ಕಿ ಇಡಲು ಪುಟ್ಟ ಡಬ್ಬಿ. ಅದು ಅವನ ಹೆಂಡತಿ ಸರೋಜಾ ಅತ್ತಿಗೆಯ ಸೀಟು. ಅತ್ತಿಗೆ ಒಂದೇ ಚಳಿಗಾಲ ಇಲ್ಲಿದ್ದು, ತಾಯಿಗೆ ಹುಷಾರಿಲ್ಲವೆಂದು ಮೈಸೂರಿಗೆ ಹೋದವರು ತಾಯಿ ಗುಣವಾದ ಮೇಲೂ ಬರಲಿಲ್ಲ. "ಆ ವಿಮಾನದಲ್ಲಿ ನಿಮಗೇನಾದರೂ ಆದರೆ ಆ ಊರಲ್ಲಿ ನಾನು ಯಾರ ಮನೆ ಬಾಗಿಲು ತಟ್ಟಲಿ?" ಎಂದು ಗಂಡನಿಗೆ ಬರೆದಿದ್ದರು. ಕೊನೆಗೆ ಒಂದು ಷರತ್ತು ಹಾಕಿದರು. ನಾನು ಅದರಲ್ಲಿ ಕೂತು ಬಂದು, ಭಯವಿಲ್ಲವೆಂದು ಪತ್ರ ಬರೆದರೆ ಹೊರಟು ಬರುತ್ತಾರೆ. ನಾನೆಂಥ ಪುಕ್ಕಲನೆಂದು ಅವರಿಗೆ ಗೊತ್ತಿತ್ತು. ಪುಕ್ಕಲನ ಸರ್ಟಿಫಿಕೇಟಿಗೆ ಬೆಲೆ ಹೆಚ್ಚು.

ಇನ್ನೊಬ್ಬರನ್ನು ಕೂರಿಸುವ ಮುಂಚೆ ನಿಯಮದಂತೆ ಒಬ್ಬನೇ ಹಾರಿಸಬೇಕಾದ ಗಂಟೆಗಳನ್ನು ಪೂರೈಸಿ, ಆಯುಧಪೂಜೆಯ ಬೆಳಗ್ಗೆ ನಂಜುಂಡ ನನ್ನನ್ನು ಹುಲ್ಲಿನ ರನ್‌ವೇಗೆ ಕರೆದೊಯ್ದ. ಅವನು ರೆಕ್ಕೆಗಳನ್ನು ನೋಡಿ ಮುಗಿಸಿ ಇಂಜಿನ್ನಿನತ್ತ ಹೋದಾಗ ನಾನು ಪೂಜೆಗಿಳಿದೆ. ಮೂಗಿಗೆ, ಬಾಲಕ್ಕೆ ಗಂಧ, ಕುಂಕುಮ, ಚಕ್ರಕ್ಕೆ ನಿಂಬೆಹಣ್ಣು. ರೆಕ್ಕೆಯ ಕೆಳಗೆ ಪುಟ್ಟದೊಂದು ಕೊಳವೆ ಮುಂದಕ್ಕೆ ಚಾಚಿಕೊಂಡಿತ್ತು. ಪಾಪ, ಅದಕ್ಕೇಕೆ ಭೇದ ಎಂದು ಅದರ ತುದಿಗೂ ಧಾರಾಳವಾಗಿ ಗಂಧ ಮೆತ್ತಿದೆ.

ಅತ್ತಿಗೆಯ ಅಳತೆಯ ಸೀಟಿನಲ್ಲಿ ನನ್ನ ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಮೇಲೇರಿದಂತೆ ಕೆಳಗೆ ಮೇಪಲ್ ಮರಗಳು ಕೆಂಪಗೆ, ಆಚೆ ಸೇಂಟ್ ಕ್ಲೇರ್ ಸರೋವರ ಬೆಳ್ಳಗೆ ಹರಡಿಕೊಂಡವು. ನಾನು ಆಗ ಇದ್ದ ಮನೆ ಹುಡುಕಿದೆ. ಸಾಲುಸಾಲು ಛಾವಣಿ, ಎಲ್ಲವೂ ಒಂದೇ ಥರ. ಐದು ವರ್ಷ ಮಲಗಿ ಎದ್ದ ಮನೆ ಗುರುತು ಸಿಗಲಿಲ್ಲ. ರೆಕ್ಕೆಗೆ ಬಳಿದು ಮಿಕ್ಕ ಹಳದಿ ಬಣ್ಣದ ಬಾಗಿಲಿದ್ದ ನಂಜುಂಡನ ಗ್ಯಾರೇಜು ಮಾತ್ರ ಥಟ್ಟನೆ ಕಂಡಿತು.

"ಸರೋಜ ಬಂದ್ಮೇಲೆ ಶನಿವಾರ ಶನಿವಾರ ಲೇಕ್ ಮೇಲೆ ಒಂದು ರೌಂಡ್ ಹೊಡೀತೀವಿ ಕಣೋ," ಎಂದು ಇಂಜಿನ್ ಸದ್ದಿನಲ್ಲಿ ಕೂಗಿದ.

ಶನಿವಾರ. ಸೀಟು ಇದ್ದದ್ದು ಎರಡೇ.

ಅಷ್ಟರಲ್ಲಿ ಅವನು ವೇಗದ ಮೀಟರನ್ನು ಬೆರಳಿನಿಂದ ಕುಟ್ಟಿದ. "ಲೋ, ಸ್ಪೀಡ್ ಸೊನ್ನೆ ತೋರಿಸ್ತಿದೆ!" ಮೊದಲ ಪ್ರಯಾಣಿಕನ ಸಂಭ್ರಮದಲ್ಲಿ ಹೊರಟಾಗ ಆ ಮುಳ್ಳನ್ನು ನೋಡಿಯೇ ಇರಲಿಲ್ಲವಂತೆ. ನಾನು ಹಿತ್ತಾಳೆಯ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದೆ. ಅವನು ಇಂಜಿನ್ ಸದ್ದಿಗೆ ಕಿವಿಗೊಟ್ಟು, ಅಂದಾಜಿನಲ್ಲೇ, ಹುಲ್ಲಿನ ಮೇಲೆ ಹಗುರವಾಗಿ ಇಳಿಸಿದ. ಇಳಿದು ನೋಡಿದರೆ ವೇಗ ಅಳೆಯಲು ಗಾಳಿ ಹೋಗಬೇಕಾದ ಕೊಳವೆಯ ಬಾಯಲ್ಲಿ ನನ್ನ ಗಂಧ.

"ಪೂಜಾರಪ್ಪ! ಅದರ ಉಸಿರೇ ಕಟ್ಟಿಸಿಬಿಟ್ಯಲ್ಲೋ!" ಎಂದು ಹುಲ್ಲಿನ ಮೇಲೆ ಕೂತು ನಕ್ಕ. ಕಣ್ಣೊರೆಸಿಕೊಂಡು, "ಆದ್ರೂ ಸರೋಜಂಗೆ ಬರೀತೀಯ ತಾನೆ?" ಎಂದ.

"ಬರೀತೀನಿ."

ಬರೆದೆ. ಆಕಾಶದಲ್ಲಿ ವೇಗದ ಮುಳ್ಳು ಸೊನ್ನೆಗೆ ನಿಂತಿತು, ನಂಜುಂಡ ಅಂದಾಜಿನ ಮೇಲೆ ಇಳಿಸಿದ, ಬದುಕಿ ಬಂದೆವು ಎಂದು. ಒಂದಕ್ಷರ ಸುಳ್ಳಿರಲಿಲ್ಲ. ಗಂಧದ ಮಾತು ಮಾತ್ರ ಇರಲಿಲ್ಲ. ಅತ್ತಿಗೆ ಬಂದರೆ ನನ್ನ ಶನಿವಾರ ಹೋಗುತ್ತದೆಂದು ಹೆದರಿದ್ದೆ. ನಾಚಿಕೆಯಾಗುತ್ತದೆ, ಆದರೆ ಇದ್ದದ್ದು ಇಷ್ಟೇ.

ಅತ್ತಿಗೆ ಬರಲಿಲ್ಲ. ಹಿಮ ಕರಗುವ ಹೊತ್ತಿಗೆ ನಂಜುಂಡ ವಿಮಾನವನ್ನು ಶಿಕಾಗೋ ಕಡೆಯವರೊಬ್ಬರಿಗೆ ಮಾರಿ ತಾನೇ ಮೈಸೂರಿಗೆ ಹೊರಟ. ಹಿತ್ತಾಳೆಯ ಹಿಡಿಯನ್ನು ಮಾತ್ರ ಬಿಚ್ಚಿ ಪೆಟ್ಟಿಗೆಯಲ್ಲಿಟ್ಟುಕೊಂಡ. ನನ್ನ ಪತ್ರದ ಮಾತನ್ನು ಎಂದೂ ಎತ್ತಲಿಲ್ಲ. ಆಮೇಲೆ ಶನಿವಾರವೂ ಮಿಕ್ಕ ದಿನಗಳಂತೆಯೇ ಆಯಿತು. ಈಗಲೂ ಕೆಲವೊಮ್ಮೆ ಇಬ್ಬರಿಗಾಗುವಷ್ಟು ಚಿತ್ರಾನ್ನ ಕಲಸಿಬಿಡುತ್ತೇನೆ.

ಕಾರಿಗೆ ಇನ್ನೂ ಪೂಜೆಯಾಗಿಲ್ಲ. ಗಂಧದ ಬಟ್ಟಲು ಪಕ್ಕಕ್ಕಿಟ್ಟು ಏರ್‌ಮೇಲ್ ಕಾಗದ ತೆಗೆದೆ. "ಅತ್ತಿಗೆ, ವಿಮಾನದಲ್ಲಿ ಏನೂ ದೋಷವಿರಲಿಲ್ಲ. ಕೊಳವೆಗೆ ಗಂಧ ಮೆತ್ತಿದವನು ನಾನು. ನಿಮಗೆ ಬರೆಯದೆ ಮುಚ್ಚಿಟ್ಟವನೂ ನಾನೇ. ಅವನು ನಿಮ್ಮ ಸೀಟನ್ನು ಬಹಳ ಚೆನ್ನಾಗಿ ಕಟ್ಟಿದ್ದ." ಕಾಗದದ ಅಂಚಿನಲ್ಲಿ ಗಂಧದ ಬೆರಳಚ್ಚು ಬಿತ್ತು. ಒರೆಸದೆ ಮಡಿಸಿದೆ.