ಕಂಡದ್ದನ್ನೇ ಬರೆಯುವ ಅಮೀನರು

ನಮ್ಮ ಕಡೆಯ ಕೋರ್ಟಿನ ಅಮೀನರು ಯಾವ ಮನೆಯ ಜಪ್ತಿಗೆ ಬಂದರೂ ಮೊದಲು ಒಲೆಯ ಬೂದಿಗೆ ಬೆರಳಿಟ್ಟು, ಅಲ್ಲಿ ಜನ ವಾಸವಿದ್ದಾರೋ ಎಂದು ನೋಡುತ್ತಿದ್ದರು. “ನಾನು ಕಂಡದ್ದನ್ನೇ ಬರೆಯೋನು” ಎನ್ನುವುದು ಅವರ ಮಾತು.

ನನ್ನ ಗಂಡ ಯಾರದೋ ಸಾಲಕ್ಕೆ ಜಾಮೀನು ನಿಂತಿದ್ದರಿಂದ ಚೇಕಾಡಿಯ ನಮ್ಮ ಮನೆಗೂ ಬಂದರು. ಸಿಕ್ಕಿದ್ದನ್ನೆಲ್ಲ ಹೊತ್ತುಕೊಂಡು ಹೋಗುತ್ತಾರೆಂದು ಹೆದರಿ, ನಾವು ನೇಗಿಲು, ಕುಡುಗೋಲು, ಬಿತ್ತನೆ ಭತ್ತವನ್ನು ಪಕ್ಕದ ನಾದಿನಿಯ ಮನೆಗೆ ಸಾಗಿಸಿದ್ದೆವು.

ಅವರು ಒಳಗೆಲ್ಲ ತಿರುಗಿ ಬಂದು ಕೇಳಿದರು: “ಅಮ್ಮಾ, ನಿಮಗೆ ಕೃಷಿ ಇಲ್ವಾ?”

“ಕೃಷಿ ಇಲ್ದೆ ಮಣ್ಣು ತಿಂತೀವಾ?”

“ಒಂದು ಕತ್ತಿಯೂ ಕಾಣ್ತಿಲ್ವಲ್ಲ! ಕೃಷಿಕರು ವಾಸ ಇರೋ ಮನೆಯನ್ನ ಇಂಥ ಸಾಲಕ್ಕೆ ಜಪ್ತಿ ಮಾಡೋಕೆ ಕಾನೂನು ಬಿಡಲ್ಲ. ಆದ್ರೆ ನಾನು ಕಂಡದ್ದನ್ನೇ ಬರೆಯೋನು.”

ಹಾಗೆಂದು ಪೆನ್ನಿಗೆ ಮುಚ್ಚಳ ಹಾಕಿ ಚಾಯ ಕೇಳಿದರು. ನಾನು ನೀರಿಡುವಷ್ಟರಲ್ಲಿ ಗಂಡ, ಸೊಸೆ ಇಬ್ಬರೂ ನಾದಿನಿಯ ಮನೆಗೆ ಓಡಿದರು. ಭತ್ತದ ಕೊನೆಯ ಮೂಟೆ ವಾಪಸು ಬರುವವರೆಗೂ ಅವರ ಲೋಟ ಬರಿದಾಗಲಿಲ್ಲ. ಆಮೇಲೆ ಒಂದೊಂದನ್ನೂ ಮುಟ್ಟಿ ನೋಡಿ ಬರೆದುಕೊಂಡರು. ಕೋರ್ಟು ಮನೆಯನ್ನು ಬಿಟ್ಟಿತು.

ಒಂದು ಲೋಟ ಚಾಯವನ್ನು ಅಷ್ಟು ಹೊತ್ತು ಕುಡಿದ ಮನುಷ್ಯನನ್ನು ನಾನು ಮತ್ತೆ ಕಂಡಿಲ್ಲ. ನಮಗಾಗಿ ಕುಡಿದರೋ, ಅವರ ಅಭ್ಯಾಸವೇ ಹಾಗೋ, ಕೇಳಬೇಕಿತ್ತು.