ನಿಂತ ಮನೆಗೆ ಸಾಲವಿಲ್ಲ

ಎಪ್ಪತ್ತರ ದಶಕದ ಮಧ್ಯಭಾಗದಲ್ಲಿ ನಾನು ಒಂದು ಸಹಕಾರಿ ಬ್ಯಾಂಕಿನ ಮೌಲ್ಯಮಾಪನ ಅಧಿಕಾರಿಯಾಗಿದ್ದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ತಾಲೂಕುಗಳಿಗೆ ನಾನೊಬ್ಬನೇ. ಮನೆಯ ಮೇಲೆ ಸಾಲ ಕೇಳಿದವರಲ್ಲಿಗೆ ಹೋಗಿ, ಟೇಪು ಹಿಡಿದು ಅಳೆದು, ಗೋಡೆ ಮಾಳಿಗೆಗಳ ಸ್ಥಿತಿ ನೋಡಿ, ಮನೆಯ ಬೆಲೆ ಇಷ್ಟೆಂದು ವರದಿ ಕೊಡುವುದು ನನ್ನ ಕೆಲಸ. ಆ ವರದಿಯಿಲ್ಲದೆ ಸಾಲ ಮಂಜೂರಾಗುತ್ತಿರಲಿಲ್ಲ.

ಆ ವರ್ಷ ಹಸ್ತಾ ಮಳೆ ಹಿಡಿದದ್ದು ಬಿಡಲೇ ಇಲ್ಲ. ನಮ್ಮ ಕಡೆಯ ಮನೆಗಳು ಬಿಸಿಲಿಗೆಂದು ಕಟ್ಟಿದವು. ದಪ್ಪ ಮಣ್ಣಿನ ಗೋಡೆ, ಜಂತಿಗಳ ಮೇಲೆ ಮಣ್ಣು ಹೊದಿಸಿದ ಮಾಳಿಗೆ. ಆ ಮಣ್ಣು ನೀರು ಕುಡಿದು ಭಾರವಾಗಿ, ಹೊರ್ತಿಯಿಂದ ಹೂವಿನ ಹಿಪ್ಪರಗಿಯವರೆಗೆ ಮನೆಗಳು ಕುಸಿದವು. ಬಿದ್ದ ಮನೆಯನ್ನು ಅಳೆಯುವುದಾದರೂ ಹೇಗೆ? ಮೇಲಿನ ಕಚೇರಿಯಿಂದ ಆದೇಶ ಬಂತು: ಮಳೆಗೆ ಬಿದ್ದ ಮನೆಗಳನ್ನು ಮತ್ತೆ ಕಟ್ಟಲು ಮೌಲ್ಯಮಾಪನವಿಲ್ಲದೆ ಸಾಲ ಕೊಡಬಹುದು, ‘ಬಿದ್ದಿದೆ’ ಎಂದು ಪಂಚಾಯಿತಿಯವರು ಬರೆದುಕೊಟ್ಟರೆ ಸಾಕು. ನಿಂತ ಮನೆಗಳಿಗೆ ಹಳೆಯ ನಿಯಮವೇ. ಓದಿದಾಗ ನನಗೆ ಸಮಾಧಾನವೇ ಆಗಿತ್ತು.

ಸಿಂದಗಿ ಶಾಖೆಯಲ್ಲಿದ್ದ ಒಂದು ಮಧ್ಯಾಹ್ನ ಮೋರಟಗಿ ಕಡೆಯ ಹಳ್ಳಿಯಿಂದ ಗಂಡ ಹೆಂಡತಿ ಬಂದರು. ಗಂಡ ಮಲ್ಲಪ್ಪ, ಕಂಬಳಿ ನೇಯುವವರು. ಹೆಂಡತಿ ಶಾಂತವ್ವ. ಅವರ ಮನೆ ಬಿದ್ದಿರಲಿಲ್ಲ. ನಡುಗೋಡೆ ಬಿರುಕು ಬಿಟ್ಟು, ಮಾಳಿಗೆ ಒಂದು ಮಗ್ಗುಲಿಗೆ ಜೋತಿತ್ತು. ಮಕ್ಕಳನ್ನು ಕಟ್ಟಿಕೊಂಡು ಊರ ಗುಡಿಯಲ್ಲಿದ್ದರು. ಮಗ್ಗ ಮಾತ್ರ ಒಳಗೇ ನೆನೆಯುತ್ತಿತ್ತು.

“ಮನಿ ಇನ್ನೂ ನಿಂತೈತಿ. ನಾ ಬಂದು ನೋಡೂಮಟ ಸಾಲ ಆಗಂಗಿಲ್ಲ,” ಎಂದೆ.

“ಬಿದ್ದವ್ರಿಗೆ ಕೊಡ್ತೀರಿ, ಬೀಳೂ ಮನಿಯವ್ರಿಗೆ ಇಲ್ಲೇನ್ರಿ?” ಎಂದರು ಶಾಂತವ್ವ.

ಮುದ್ದೇಬಿಹಾಳದ ಕೆಲಸ ಮುಗಿಸಿ ಮುಂದಿನ ವಾರ ಬರುತ್ತೇನೆ, ಅಲ್ಲಿಯವರೆಗೆ ಯಾರೂ ಒಳಗೆ ಕಾಲಿಡಬೇಡಿ ಎಂದೆ. ಮಲ್ಲಪ್ಪ “ಹೌದ್ರಿ” ಎಂದಷ್ಟೇ ಹೇಳಿ ಹೊರಟರು. ಬಿರುಕು ಬಿಟ್ಟ ಮನೆಗಳಿಗೂ ವಿನಾಯಿತಿ ಕೊಡಬೇಕೆಂದು ಅಂದೇ ಮೇಲಿನ ಕಚೇರಿಗೆ ಬರೆದೆ.

ಆದರೆ ಡೋಣಿ ಹೊಳೆ ಉಕ್ಕಿ ತಾಳಿಕೋಟೆಯ ಬಳಿ ದಾರಿ ಕಟ್ಟಿತು. ಹೇಳಿದ ವಾರ ನನಗೆ ಹೋಗಲಾಗಲಿಲ್ಲ. ನೀರಿಳಿದು ಆ ಹಳ್ಳಿ ತಲುಪಿದಾಗ ಮನೆಯಿದ್ದಲ್ಲಿ ಮಣ್ಣಿನ ಗುಡ್ಡೆಯಿತ್ತು.

“ಮಲ್ಲಪ್ಪ ತಾನಽ ಕೆಡವಾಕ ಹ್ವಾದ್ರಿ,” ಎಂದರು ಪಕ್ಕದ ಮನೆಯ ಮುದುಕರು. “ಬಿದ್ರ ಸಾಲ ಸಿಗತೈತಿ ಅಂದ. ಕಬ್ಬಿಣದ ಹಾರಿ ಹಾಕಿ ಕಂಬ ಅಲುಗಿಸಿದ. ಹೊರಗ ಬರೂದ್ರಾಗ ಮಾಳಗಿ ಮೈಮ್ಯಾಲ ಬಿತ್ತರಿ. ಅಲ್ಲೇ ಜೀವಾ ಹೋತು.”

ಶಾಂತವ್ವ ಗುಡಿಯ ಕಟ್ಟೆಯ ಮೇಲೆ ಕುಳಿತಿದ್ದರು. ನನ್ನ ಕೈಯಲ್ಲಿದ್ದ ಟೇಪನ್ನು ನೋಡಿದರು.

“ಈಗ ಅಳಿಯೂದು ಬೇಕಿಲ್ಲಲ್ರಿ, ಸಾಹೇಬ್ರ?”

ದನಿಯಲ್ಲಿ ಸಿಟ್ಟಿರಲಿಲ್ಲ. ಅವರು ನಿಜವಾಗಿಯೂ ತಿಳಿಯಲೆಂದೇ ಕೇಳಿದ್ದರು. ಬೇಕಿಲ್ಲ ಎಂದು ನಾನು ಹೇಳಲೇಬೇಕಾಯಿತು.

ಸಾಲ ಬೇಗನೆ ಮಂಜೂರಾಯಿತು. ಹಳೆಯ ಜಾಗ ಬಿಟ್ಟು, ಅಣ್ಣನ ಮನೆಯ ಹಿಂದೆ ಶಾಂತವ್ವ ಕಲ್ಲಿನ ಗೋಡೆಯ ಎರಡು ಕೋಣೆ ಕಟ್ಟಿಸಿ ತಗಡು ಹಾಕಿಸಿದರು. ಮಣ್ಣಿನಡಿಯ ಮಗ್ಗವನ್ನು ತೆಗೆಸಲು ಒಪ್ಪಲಿಲ್ಲ. ಅಷ್ಟರಲ್ಲಿ ನನ್ನ ಪತ್ರಕ್ಕೆ ಉತ್ತರವೂ ಬಂತು: ಬಿರುಕು ಬಿಟ್ಟ ಮನೆಗಳಿಗೂ ವಿನಾಯಿತಿ. ಆ ಆದೇಶವನ್ನು ಊರೂರಿಗೆ ಹೋಗಿ ಓದಿ ಹೇಳಿದೆ. ಬಹಳ ಕುಟುಂಬಗಳು ಉಳಿದವು. ಮಲ್ಲಪ್ಪನವರ ಊರಿನಲ್ಲಿ ಮಾತ್ರ ಓದಲಾಗದೆ ಕಾಗದವನ್ನು ಪಂಚಾಯಿತಿಯವರ ಕೈಗೆ ಕೊಟ್ಟೆ.

ವಿನಾಯಿತಿಗೂ ಒಂದು ಗೆರೆಯಿರುತ್ತದೆ. ಗೆರೆಯ ಹೊರಗೆ ಉಳಿದವರು ಒಳಗೆ ಬರಲು ಏನು ಮಾಡಿಯಾರು ಎಂಬುದನ್ನು ಆದೇಶ ಬರೆಯುವ ದಿನವೇ ಯೋಚಿಸಬೇಕು. ಕೆಲಸ ನನಗೆ ಕಲಿಸಿದ್ದು ಇದು. ಮುಂದೆ ದೊಡ್ಡ ಹುದ್ದೆಗೆ ಹೋದಾಗ ಇಂಥ ಪ್ರತಿ ಕಡತವನ್ನೂ ಮತ್ತೆ ಮತ್ತೆ ಓದುತ್ತಿದ್ದೆ. “ಇದರಾಗ ಇಷ್ಟ್ಯಾಕ ಹುಡುಕ್ತೀರಿ ಸರ್?” ಎಂದು ಕಿರಿಯರು ಕೇಳುತ್ತಿದ್ದರು. ಗೆರೆಯ ಹೊರಗೆ ಯಾರು ಉಳಿಯುತ್ತಾರೆಂದು ನಾನು ಮೊದಲ ಹಾಳೆಯಿಂದ ಮತ್ತೆ ಓದತೊಡಗುತ್ತಿದ್ದೆ.