ಬದಲಿ ಹೋದವನ ರಕ್ತ

ಚಂದ್ರಾಮ ಸುಳ್ಳುಗಾರ. ಅದೂ ಸಣ್ಣ ಲಾಭಕ್ಕೆ, ಕಣ್ಣು ಮಿಟುಕಿಸದೆ ಸುಳ್ಳು ಹೇಳುವವನು. ಠಾಣೆ ನಗರದ ಆರೋಗ್ಯ ತಪಾಸಣೆ ಕೇಂದ್ರದಲ್ಲಿ ಹನ್ನೊಂದು ವರ್ಷದಿಂದ ದಾಖಲೆ ಬರೆಯುತ್ತಿರುವ ಉಡುಪಿ ಕಡೆಯ ಸುಮೇಧಾಗೆ ಇದು ತಿಳಿದದ್ದು ಮೊನ್ನೆ ಮಂಗಳವಾರ.

ಹನ್ನೊಂದು ವರ್ಷದ ಹಿಂದೆ ವಿಠ್ಠಲವಾಡಿಯ ಗುಜರಿ ಗೋದಾಮಿನಲ್ಲಿ ಹಳೆಯ ಯಂತ್ರವೊಂದನ್ನು ಒಡೆದಾಗ ಒಳಗಿದ್ದ ವಿಕಿರಣದ ಗುಂಡು ಹೊರಬಿದ್ದಿತ್ತು. ಅಂದು ಅಲ್ಲಿದ್ದ ಒಂಬತ್ತು ಹಮಾಲರ ರಕ್ತಪರೀಕ್ಷೆ ಆರು ತಿಂಗಳಿಗೊಮ್ಮೆ ನಡೆಯುತ್ತದೆ. ಕಾರ್ಡು ತೋರಿಸಿದರೆ ಅವರ ಮನೆಯವರಿಗೂ ಔಷಧ ಪುಕ್ಕಟೆ. ಎಂಟು ಜನರ ರಕ್ತ ವರ್ಷದಿಂದ ವರ್ಷಕ್ಕೆ ಕೆಡುತ್ತಾ ಬಂತು. ಗುಂಡನ್ನು ಬರಿಗೈಯಲ್ಲಿ ಎತ್ತಿದವನು, ಹಾಜರಿ ಪಟ್ಟಿಯ ಪ್ರಕಾರ, ಚಂದ್ರಾಮ. ಅವನ ರಕ್ತ ಮಾತ್ರ ಸ್ವಚ್ಛ. ಮುಟ್ಟಿದವನಿಗೇ ಏನೂ ಆಗಿಲ್ಲವೆಂಬ ಒಂದೇ ವಾಕ್ಯದಿಂದ ಮೇಲಿನವರು ಉಳಿದವರ ಪರಿಹಾರದ ಅರ್ಜಿಗಳನ್ನೆಲ್ಲ ತಳ್ಳಿಹಾಕಿದರು.

ಮಂಗಳವಾರ ಅವನ ಜೊತೆ ತಂಗಿಯ ಗಂಡ ರೇವಣಸಿದ್ದ ಬಂದ. ಒಸಡಿನಲ್ಲಿ ರಕ್ತ, ಬಲ ಅಂಗೈಯಲ್ಲಿ ಬೆರಳು ಮಡಚಲು ಬಿಡದ ಹಳೆಯ ಸುಟ್ಟ ಕಲೆ.

"ಅವತ್ತ ನಾ ಊರಿಗೆ ಹೋಗಿದ್ದೆ, ಮೇಡಂ," ಚಂದ್ರಾಮ ಅಂದ. "ನನ್ನ ಹೆಸರ ಮ್ಯಾಲ ಇವ ಬದಲಿ ಹೋಗಿದ್ದ. ನಮ್ಮಾಗ ಎಲ್ಲಾರೂ ಹಂಗ ಮಾಡ್ತಾರ. ಹಾಜರಿ ತಪ್ಪಿದ್ರ ಮುಕಾದಮ ಕೆಲಸದಿಂದ ತಗೀತಿದ್ದ."

"ಹನ್ನೊಂದು ವರ್ಷ ಬಾಯಿಗೆ ಬೀಗ ಹಾಕಿದ್ರಾ ಮಾರಾಯ್ರೆ?"

"ಹೆಂಡ್ತಿ ದಮ್ಮಿನ ಔಷಧ ಈ ಕಾರ್ಡಿನ ಮ್ಯಾಲ ಬರ್ತದರೀ."

"ರಕ್ತ ಕೊಟ್ಟು ಬಿಸ್ಕೀಟ್ ಭಾವ ತಿಂದ," ರೇವಣಸಿದ್ದ ನಕ್ಕ. "ಬ್ಯಾನಿ ನಾ ತಿಂದೆ."

ಸುಮೇಧಾಗೆ ನಗು ಬರಲಿಲ್ಲ. ಇಪ್ಪತ್ತೆರಡು ಪರೀಕ್ಷೆಗಳ ದಾಖಲೆ ಕಸ. ಪಟ್ಟಿಯಲ್ಲಿಲ್ಲದವನಿಗೆ ಮೂಳೆಮಜ್ಜೆಯ ಚಿಕಿತ್ಸೆಯೂ ಇಲ್ಲ. ಗೋದಾಮು ಮುಚ್ಚಿದೆ, ಮುಕಾದಮ ಸತ್ತಿದ್ದಾನೆ. ಉಳಿದ ದಾರಿ ಚಂದ್ರಾಮನ ಹೇಳಿಕೆಯೊಂದೇ. ಅದನ್ನು ಕೊಟ್ಟರೆ ಅವನ ಕಾರ್ಡು ರದ್ದು. ಪೊಲೀಸರ ತನಕ ಹೋಗದಿರಲೆಂದು ಅವಳು "ತಪ್ಪು ತಿಳುವಳಿಕೆಯಿಂದ" ಎಂದು ಬರೆದು ಓದಿ ಹೇಳಿದಳು.

ಚಂದ್ರಾಮ ಹೆಬ್ಬೆಟ್ಟು ಒತ್ತಲಿಲ್ಲ.

"ಅದನ್ನ ಹೊಡದು ಹಾಕ್ರಿ. ಗೊತ್ತಿದ್ದೂ ಸುಳ್ಳ ಹೇಳ್ದೆ ಅಂತ ಬರೀರಿ."

"ಕೇಸಾಗ್ತದೆ, ಗೊತ್ತುಂಟಾ?"

"ತಿಳುವಳಿಕಿ ತಪ್ಪಿತ್ತು ಅಂದ್ರ ಖರೆ ಯಾವಂದು ಅಂತ ವರ್ಷಗಟ್ಲೆ ತನಿಖಿ ಮಾಡ್ತಾರ. ಇವ ಅಷ್ಟ ದಿನ ತಡೀತಾನೇನ್ರಿ?"

ಅವಳು ಆ ಮಾತನ್ನು ಹೊಡೆದುಹಾಕಿ, ಮೇಲೆ ಬರೆದಳು. ಅವಳು ತೋರಿಸಿದ ಜಾಗದಲ್ಲಿ ಅವನು ಹೆಬ್ಬೆಟ್ಟು ಒತ್ತಿದ. ಆಮೇಲೆ, ಯಾರೂ ಕೇಳದೆ, ತಿದ್ದಿದ ಸಾಲಿನ ಪಕ್ಕದಲ್ಲೂ ಒಂದು ಒತ್ತಿದ.